ತಕ್ಕಡಿ ಬಿಡಿ, ಪಾತ್ರೆಯನ್ನು ಕೇಳಿ

ನಮಸ್ಕಾರ, ಎಲ್ಲರಿಗೂ. ಇವತ್ತು ಬೇರೆ ವಿಷಯ ಮಾತಾಡೋಣ ಅಂದುಕೊಂಡಿದ್ದೆ. ಆದರೆ ಹಿಂದಿನ ಮರಗೆಣಸಿನ ವಿಡಿಯೋ ಕೆಳಗೆ ಒಂದು ಕಾಮೆಂಟ್ ಬಂದಿದೆ. ‘ಜಾಸ್ತಿ ಇಳುವರಿಯ ತಳಿ ಬಂದು ಐವತ್ತು ವರ್ಷ ದಾಟಿದೆ. ಇನ್ನೂ ಹಳೇದನ್ನೇ ನೆಡುವ ಕೇರಳದ ರೈತರಿಗೆ ತಲೆ ಇಲ್ಲ.’ ಇದಕ್ಕೆ ಲೈಕುಗಳೂ ಬಿದ್ದಿವೆ!

ತಲೆ ಇಲ್ಲದ್ದು ಯಾರಿಗೆ, ನೋಡೋಣ.

ತಿರುವನಂತಪುರದ ಶ್ರೀಕಾರ್ಯಂನಲ್ಲಿ ಕೇಂದ್ರ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ. 1971ರಲ್ಲಿ ಅಲ್ಲಿಂದ ಎಚ್-97, ಎಚ್-165, ಎಚ್-226 ಎಂಬ ಹೈಬ್ರಿಡ್‌ಗಳು ಹೊರಬಂದವು. ಹೆಕ್ಟೇರಿಗೆ 30 ಟನ್ ಆಸುಪಾಸು, ಅದಕ್ಕೂ ಜಾಸ್ತಿ ಕೊಡುವ ತಳಿಗಳು. ಮಲಯಾದಿಂದ ಬಂದ ಹಳೇ ಎಂ-4 ಕೊಡುವುದು 20 ಟನ್ ಆಸುಪಾಸು. ಲೆಕ್ಕ ನೋಡಿದರೆ ಎಂ-4 ಅವತ್ತೇ ಮೂಲೆಗೆ ಸೇರಬೇಕಿತ್ತು. ಸೇರಲಿಲ್ಲ. ಯಾಕೆ?

ಬೇಯಿಸಿ ನೋಡಿ. ಸಿಪ್ಪೆ ತೆಗೆದು, ತುಂಬಾ ನೀರಿಟ್ಟು ಕುದಿಸಿ, ಆ ನೀರು ಚೆಲ್ಲಿ. ಎಂ-4 ಬಾಯಿ ಬಿಟ್ಟು ಅರಳುತ್ತದೆ. ಬೆರಳಲ್ಲಿ ಒತ್ತಿದರೆ ಹಿಟ್ಟಾಗಿ ಉದುರುತ್ತದೆ, ಕಹಿ ಇಲ್ಲ. ತೆಂಗಿನಕಾಯಿ, ಹಸಿಮೆಣಸು, ಅರಿಶಿನ ಅರೆದು ಹಾಕಿ ಕಲಸಿದರೆ ಕೇರಳದವರ ಪುಳುಕ್ಕು ರೆಡಿ, ಪಕ್ಕಕ್ಕೆ ಕೆಂಪು ಮೀನು ಸಾರು. ಬೇಯದ ಗೆಣಸು ಒಳಗೆ ಗಾಜಿನಂತೆ ಗಟ್ಟಿ ಉಳಿಯುತ್ತದೆ, ನಾರು ಹಲ್ಲಿಗೆ ಸಿಗುತ್ತದೆ. ಅದನ್ನು ಮೂವತ್ತು ಟನ್ ಬೆಳೆದು ಯಾರ ತಟ್ಟೆಗೆ ಹಾಕುತ್ತೀರಿ?

ತಿನ್ನುವ ಬೆಳೆಯ ಇಳುವರಿಯನ್ನು ಪಾತ್ರೆಯಲ್ಲಿ ಅಳೆಯಬೇಕು. ಇದೇ ನನ್ನ ಮಾತು. ಕೊನೆವರೆಗೂ ಇದನ್ನೇ ಹೇಳುತ್ತೇನೆ.

‘ಹಾಗಾದರೆ ಸೇಲಂನವರು ಎಚ್-226 ಯಾಕೆ ಬೆಳೆದರು’ ಅಂತ ಕೇಳುತ್ತೀರಿ. ಕೇಳಿ, ಕೇಳಿ! ಅವರ ಗೆಣಸು ಹೋಗುವುದು ಸಬ್ಬಕ್ಕಿ ಫ್ಯಾಕ್ಟರಿಗೆ. ನಮ್ಮ ಪಾಯಸಕ್ಕೆ, ಸಂಡಿಗೆಗೆ ಬೀಳುವ ಸಬ್ಬಕ್ಕಿ ಹೆಚ್ಚಾಗಿ ಅಲ್ಲಿಂದಲೇ ಬರುವುದು. ಆ ಫ್ಯಾಕ್ಟರಿಯವರೂ ಬರೀ ತೂಕ ನೋಡಿ ದುಡ್ಡು ಕೊಡುವುದಿಲ್ಲ. ಪಿಷ್ಟ ಎಷ್ಟು ಪಾಯಿಂಟ್ ಇದೆ ಅಂತ ಪರೀಕ್ಷೆ ಮಾಡಿ ದರ ಕಟ್ಟುತ್ತಾರೆ. ವ್ಯಾಪಾರಿ ಪಾಯಿಂಟ್ ನೋಡಿದರೆ ಜಾಣ, ರೈತ ಬೇಯುತ್ತದಾ ಅಂತ ನೋಡಿದರೆ ದಡ್ಡ. ಇದೆಂಥಾ ನ್ಯಾಯ?

ಈಗ ನೈಜೀರಿಯಾಗೆ ಬನ್ನಿ. ಜಗತ್ತಿನಲ್ಲೇ ಅತಿ ಹೆಚ್ಚು ಮರಗೆಣಸು ಬೆಳೆಯುವ ದೇಶ. ಅಲ್ಲಿನ ದಿನನಿತ್ಯದ ಊಟ ಗಾರಿ. ಗೆಣಸು ತುರಿದು, ಚೀಲಕ್ಕೆ ತುಂಬಿ, ಹುಳಿಯಲು ಬಿಟ್ಟು, ಭಾರ ಹೇರಿ ನೀರು ಹಿಂಡುತ್ತಾರೆ. ಆಮೇಲೆ ಜರಡಿ ಹಿಡಿದು, ಅಗಲವಾದ ಬಾಣಲೆಯಲ್ಲಿ ಹುರಿಯುತ್ತಾರೆ. ಈ ಕೆಲಸ ಹೆಚ್ಚಾಗಿ ಹೆಂಗಸರದ್ದೇ. ಸೌದೆ ಒಲೆ ಮುಂದೆ, ಹೊಗೆಯಲ್ಲಿ, ಕೈ ನಿಲ್ಲಿಸದೆ. ನೀರು ಜಾಸ್ತಿ ಇರುವ ಗೆಣಸಾದರೆ ಏನಾಗುತ್ತದೆ? ನಿಮ್ಮ ಆ ದೊಡ್ಡ ಇಳುವರಿ ಚೀಲದಿಂದ ನೀರಾಗಿ ಸೋರಿ ಹೋಗುತ್ತದೆ. ಸೌದೆ ಜಾಸ್ತಿ, ಹೊತ್ತು ಜಾಸ್ತಿ, ಗಾರಿ ಕಮ್ಮಿ. ಆ ಗಾರಿ ತಣ್ಣೀರಲ್ಲಿ ಚೆನ್ನಾಗಿ ಉಬ್ಬದಿದ್ದರೆ ಸಂತೆಯಲ್ಲಿ ಕೊಳ್ಳುವವರೂ ಇಲ್ಲ. ಫುಫು ಅಂದರೆ ಅಲ್ಲಿನ ಗೆಣಸಿನ ಮುದ್ದೆ, ಅದನ್ನು ಮಾಡುವವರದ್ದು ಇನ್ನೊಂದು ಪರೀಕ್ಷೆ. ಮೂರು ನಾಲ್ಕು ದಿನ ನೆನೆಸಿದ ಗೆಡ್ಡೆ ಕೈಯಲ್ಲಿ ಹಿಸುಕಿದರೆ ಮೆತ್ತಗಾಗಬೇಕು. ಆಗದಿದ್ದರೆ ಆ ತಳಿಯನ್ನು ಮತ್ತೆ ನೆಡುವುದಿಲ್ಲ, ಅಷ್ಟೇ.

2011ರಲ್ಲಿ ಅಲ್ಲಿ ವಿಟಮಿನ್ ಎ ತುಂಬಿದ ಹಳದಿ ತಳಿಗಳು ಬಂದವು. ಒಳ್ಳೆಯ ಉದ್ದೇಶ, ಒಪ್ಪುತ್ತೇನೆ. ಹಳದಿ ಬಣ್ಣ ತೊಂದರೆಯೇ ಅಲ್ಲ, ಕೆಲವು ಕಡೆ ತಾಳೆ ಎಣ್ಣೆ ಹಾಕಿ ಹಳದಿ ಗಾರಿ ಮಾಡುವುದೇ ರೂಢಿ. ಆದರೆ ಇಂಥ ಗೆಡ್ಡೆಗಳಲ್ಲಿ ಒಣ ಅಂಶ, ಅಂದರೆ ನೀರು ಬಿಟ್ಟು ಉಳಿಯುವ ಗಟ್ಟಿ ಭಾಗ, ಕಮ್ಮಿ ಆಗುವುದು ತಳಿ ತಜ್ಞರಿಗೇ ತಲೆನೋವು. ಹುರಿಯುವವಳನ್ನು ಕೇಳಿದ್ದರೆ ಬಾಣಲೆ ನೋಡಿಯೇ ಹೇಳುತ್ತಿದ್ದಳು.

ಹೊಸಬರಿದ್ದರೆ ಚಾನೆಲ್ ಸಬ್‌ಸ್ಕ್ರೈಬ್ ಮಾಡಿ. ಮುಂದಿನ ವಾರ ಕೆಸುವಿನ ಗೆಡ್ಡೆ. ಅಲ್ಲೂ ಇದೇ ಜಗಳ ಇದೆ!

ಇನ್ನೊಬ್ಬರು ಹೇಳುತ್ತಾರೆ, ‘ಎಂ-4ಗೆ ಮೊಸಾಯಿಕ್ ರೋಗ ಬರುತ್ತದೆ’. ಎಲೆ ಮಚ್ಚೆಮಚ್ಚೆಯಾಗಿ ಮುದುಡುವ ವೈರಸ್ ರೋಗ ಅದು. ಬರುತ್ತದೆ ಸ್ವಾಮಿ. ನಿಮ್ಮ ಎಚ್-226ಗೆ ಬರಲ್ವಾ? ಧಾರಾಳವಾಗಿ ಬರುತ್ತದೆ. ರೋಗ ತಡೆಯುವ ತಳಿ ಕೊಡಿ, ಬೇಡ ಅಂದವರು ಯಾರು? ಬೇಯುವಂಥದ್ದು ಕೊಡಿ. ರೋಗದ ಮಾತು ಬೇರೆ, ಬೇಯುವ ಹೊಸ ತಳಿ ಅಂದರೆ ಅದೇ ಶ್ರೀಕಾರ್ಯಂನಿಂದ ಶ್ರೀ ಜಯ, ಶ್ರೀ ವಿಜಯ ಬಂದವಲ್ಲ? ಆರೇಳು ತಿಂಗಳಿಗೆ ಕೀಳಬಹುದು, ಭತ್ತ ಕೊಯ್ದ ಗದ್ದೆಗೂ ಹೊಂದುತ್ತವೆ, ಚೆನ್ನಾಗಿ ಬೇಯುತ್ತವೆ ಕೂಡ. ರೈತರು ಬೆಳೆದರಲ್ಲ! ಅಂದಮೇಲೆ ಹೊಸದು ಬೇಡ ಅನ್ನುವ ಹಠ ಎಲ್ಲಿ ಬಂತು?

‘ಹಸಿದವನಿಗೆ ರುಚಿ ಯಾಕೆ’ ಅಂತೂ ಇದೆ. ಈ ಮಾತಿಗೆ ನನಗೆ ಮೈಯೆಲ್ಲ ಉರಿಯುತ್ತದೆ. ಮನೆಗೆ ಅಕ್ಕಿ ತರುವಾಗ ಸೋನಾ ಮಸೂರಿಯೇ ಬೇಕು ಅಂತ ನಾಲ್ಕು ಅಂಗಡಿ ಸುತ್ತುವವರು ಈ ಮಾತು ಹೇಳುತ್ತಾರೆ! ನಿಮಗೆ ಅನ್ನ ಉದುರುದುರಾಗಿರಬೇಕು, ಅವರು ಮಾತ್ರ ಕೊಟ್ಟಿದ್ದನ್ನು ತಿನ್ನಬೇಕಾ? ಪಾತ್ರೆ ಕೇಳಿ, ಪಾತ್ರೆ! ಹೊಲದಲ್ಲಿ ತಕ್ಕಡಿ ಹಿಡಿದು ನಿಂತವರಿಗೆ ಒಲೆ ಮುಂದೆ ಕೂತವಳು ಕಾಣುವುದೇ ಇಲ್ಲ. ಆ ಕಾಮೆಂಟ್ ಹಾಕಿದವರೇ, ನೀವೇ ಬನ್ನಿ. ಎರಡು ತಳಿ ಬೇಯಿಸಿ ಇಡುತ್ತೇನೆ. ತಿಂದು ಆಮೇಲೆ ಮಾತಾಡಿ.