ಸೀಟು ತುಂಬುತ್ತಿದೆ, ಮೈಲಿ ಇಳಿಯುತ್ತಿದೆ

ಕೇಳುಗರಿಗೆಲ್ಲ ನಮಸ್ಕಾರ.

ನಾನು ಅಮೆರಿಕದಲ್ಲಿ ಟ್ರಕ್ ಓಡಿಸುತ್ತೇನೆ. ಹುಟ್ಟಿದ್ದು ಹಿರಿಯೂರಿನ ಹತ್ತಿರ. ಅಪ್ಪ ಬೆಂಗಳೂರು–ಪುಣೆ ರಸ್ತೆಯಲ್ಲಿ ಲಾರಿ ಓಡಿಸಿ ನಮ್ಮನ್ನು ಸಾಕಿದವರು. ಅವರಿಗೆ ಟ್ರಿಪ್ಪಿನ ಲೆಕ್ಕದಲ್ಲಿ ದುಡ್ಡು, ಜೊತೆಗೆ ಬಾಟಾ. ನನಗೆ ಮೈಲಿ ಲೆಕ್ಕ. ಇವತ್ತು ಆ ಮೈಲಿ ಬಗ್ಗೆಯೇ ಹೇಳಬೇಕು.

ಅಯೋವಾ ರಾಜ್ಯದ ವಾಲ್ಕಾಟ್‌ನಲ್ಲಿ, ಐ-80 ಹೆದ್ದಾರಿಯ ಪಕ್ಕ, ಒಂದು ಟ್ರಕ್ ಸ್ಟಾಪ್ ಇದೆ. ಜಗತ್ತಿನಲ್ಲೇ ದೊಡ್ಡದು ಅಂತ ಹೆಸರು. ಹೋದ ಚಳಿಗಾಲದಲ್ಲಿ ಅಲ್ಲಿ ಎರಡು ರಾತ್ರಿ, ಒಂದು ಹಗಲು ಸುಮ್ನೆ ಕೂತಿದ್ದೆ. ಗಾಡಿ ಕೆಟ್ಟಿರಲಿಲ್ಲ. ರಸ್ತೆಯಲ್ಲಿ ಹಿಮವೂ ಇರಲಿಲ್ಲ. ಲೋಡಿರಲಿಲ್ಲ, ಅಷ್ಟೆ. ಕಂಪನಿಯಲ್ಲಿ ಲೋಡು ಹಂಚುವ ಡಿಸ್ಪ್ಯಾಚರಿಗೆ ಮೆಸೇಜ್ ಹಾಕಿದರೆ, ನೋಡುತ್ತಿದ್ದೇನೆ ಅನ್ನುವ ಒಂದೇ ಉತ್ತರ. ಎರಡನೇ ರಾತ್ರಿ ಫೋನು ಸದ್ದು ಮಾಡಿತು. ಲೋಡು ಬಂತು ಅಂದುಕೊಂಡು ಹಾಸಿಗೆಯಿಂದ ಎದ್ದು ಬಂದು ನೋಡಿದೆ. ನಮ್ಮ ಕಂಪನಿಯದೇ ಸಂದೇಶ: ನಿಮಗೆ ಗೊತ್ತಿರುವ ಡ್ರೈವರನ್ನು ಕರೆತನ್ನಿ, ಅವರು ಸೇರಿದರೆ ನಿಮಗೆ ಬೋನಸ್.

ಇರುವವರಿಗೇ ಲೋಡಿಲ್ಲ. ಇನ್ನೊಬ್ಬ ಬಂದು ಏನು ಓಡಿಸಬೇಕು?

ಆ ರಾತ್ರಿ ನನಗೆ ಸಿಟ್ಟು ಬಂದಿತ್ತು. ಆಮೇಲೆ ಕೂತು ಲೆಕ್ಕ ಹಾಕಿದೆ. ಲೆಕ್ಕ ಹಾಕಿದ ಮೇಲೆ ಸಿಟ್ಟು ಜಾಸ್ತಿಯೇ ಆಯಿತು, ಆದರೆ ಕಾರಣ ಅರ್ಥವಾಯಿತು.

ಕಂಪನಿಯ ಕಡೆಯಿಂದ ನೋಡಿ. ಮಲಗುವ ಕ್ಯಾಬಿನ್ ಇರುವ ಒಂದು ಹೊಸ ಟ್ರಕ್ಕಿಗೆ ಒಂದೂವರೆ ಲಕ್ಷ ಡಾಲರಿಗೂ ಜಾಸ್ತಿ ಬೀಳುತ್ತದೆ. ಗಾಡಿ ಓಡಲಿ ಬಿಡಲಿ, ಕಂತು ಮತ್ತು ವಿಮೆ ಕಟ್ಟಲೇಬೇಕು. ಡ್ರೈವರ್ ಇಲ್ಲದೆ ಯಾರ್ಡಿನಲ್ಲಿ ನಿಂತ ಗಾಡಿ ಪೂರ್ತಿ ನಷ್ಟ. ಅದೇ ಸೀಟಿನಲ್ಲಿ ಒಬ್ಬನನ್ನು ಕೂರಿಸಿಬಿಟ್ಟರೆ? ಅವನಿಗೆ ಕೊಡುವುದು ಓಡಿದ ಮೈಲಿಗೆ ಮಾತ್ರ. ಚಕ್ರ ಉರುಳದಿದ್ದರೆ ಅವನಿಗೆ ಹೆಚ್ಚೇನೂ ಕೊಡಬೇಕಾಗಿಲ್ಲ. ಹಾಗಾಗಿ ನೂರು ಲೋಡಿಗೆ ನೂರಿಪ್ಪತ್ತು ಡ್ರೈವರುಗಳು ಕಾಯುತ್ತಿದ್ದರೂ ಕಂಪನಿಗೆ ಅನುಕೂಲವೇ, ಗಿರಾಕಿ ಫೋನು ಮಾಡಿದ ತಕ್ಷಣ ಎಲ್ಲೋ ಹತ್ತಿರದಲ್ಲಿ ಒಂದು ಗಾಡಿ ಇದ್ದೇ ಇರುತ್ತದೆ. ಕಾಯುವ ಖರ್ಚು ಬೀಳುವುದು ಕಾಯುವವನ ಮೇಲೆ.

ಮೈಲಿಗೆ 55 ಸೆಂಟು ಅಂತ ಇಟ್ಟುಕೊಳ್ಳಿ. ವಾರಕ್ಕೆ 2,800 ಮೈಲಿ ಓಡಿದರೆ 1,540 ಡಾಲರ್. ಅದೇ 1,700ಕ್ಕೆ ಇಳಿದರೆ 935. ದರ ಒಂದು ಸೆಂಟೂ ಕಮ್ಮಿಯಾಗಿಲ್ಲ, ನೋಡಿ. ಸಂಬಳ ಕಡಿಮೆ ಮಾಡಿದ್ದೇವೆ ಅಂತ ಯಾರೂ ಹೇಳಬೇಕಾಗಿಯೂ ಇಲ್ಲ. ಆದರೆ ಮನೆಗೆ ಹೋಗುವ ದುಡ್ಡಿನಲ್ಲಿ 605 ಡಾಲರ್ ಮಾಯ. ಮನೆ ಬಾಡಿಗೆ, ಮಕ್ಕಳ ಖರ್ಚು ಮೈಲಿ ನೋಡಿಕೊಂಡು ಇಳಿಯುತ್ತವಾ? ಟ್ರಕ್ಕಿನಲ್ಲಿ ಮಲಗಿದ ರಾತ್ರಿಗಳೂ ಅಷ್ಟೇ ಇವೆ.

ಇನ್ನೊಂದು ವಿಷಯ. ಎಷ್ಟೋ ಕಂಪನಿಗಳು ಗಾಡಿಯ ಮೀಟರ್ ತೋರಿಸುವ ಮೈಲಿಗೆ ದುಡ್ಡು ಕೊಡುವುದಿಲ್ಲ. ಊರಿಂದ ಊರಿಗೆ ನಕ್ಷೆಯ ಲೆಕ್ಕದಲ್ಲಿ ತೀರಾ ಹತ್ತಿರದ ದಾರಿ ಎಷ್ಟೋ ಅಷ್ಟಕ್ಕೇ. 53 ಅಡಿ ಟ್ರೇಲರ್ ಕಟ್ಟಿಕೊಂಡು ಆ ದಾರಿಯಲ್ಲಿ ಹೋಗಲು ಆಗುತ್ತದೋ ಇಲ್ಲವೋ ಕೇಳುವವರಿಲ್ಲ. ಸುತ್ತಿ ಹೋದ ಮೈಲಿ ಪುಕ್ಕಟೆ.

ಕಾಯುವುದೂ ಪುಕ್ಕಟೆಯೇ, ಬಹುಪಾಲು. ಬೆಳಿಗ್ಗೆ 6ಕ್ಕೆ ದಿನಸಿ ಗೋಡೌನಿಗೆ ಟೈಮ್ ಕೊಟ್ಟಿರುತ್ತಾರೆ. ನೀವು 5:40ಕ್ಕೇ ಹೋಗಿ ಗೇಟಿನಲ್ಲಿ ಹೆಸರು ಬರೆಸುತ್ತೀರಿ. ಡಾಕ್, ಅಂದರೆ ಸರಕು ಇಳಿಸುವ ಕಟ್ಟೆ, ಸಿಗುವುದು 9ಕ್ಕೆ. ಟ್ರೇಲರ್ ಹಿಂದಕ್ಕೆ ತಗೊಂಡು ನಿಲ್ಲಿಸಿದಿರಿ. ಸರಕು ಎತ್ತುವ ಫೋರ್ಕ್‌ಲಿಫ್ಟ್ ಒಳಗೆ ಹತ್ತಿದಾಗಲೆಲ್ಲ ಗಾಡಿ ಅಲುಗುತ್ತದೆ, ಇಳಿಸುತ್ತಿದ್ದಾರೆ ಅಂತ ಅದರಿಂದಲೇ ಗೊತ್ತಾಗುವುದು. ಆಮೇಲೆ ಅರ್ಧ ಗಂಟೆ ಅಲುಗುವುದೇ ಇಲ್ಲ. ಕಾಗದ ಕೈಗೆ ಬರುವಾಗ ಮಧ್ಯಾಹ್ನ. ಕಾನೂನಿನ ಪ್ರಕಾರ, ಡ್ಯೂಟಿ ಶುರುವಾದ 14 ಗಂಟೆಯೊಳಗೆ ಹೆಚ್ಚೆಂದರೆ 11 ಗಂಟೆ ಓಡಿಸಬಹುದು, ಆಮೇಲೆ 10 ಗಂಟೆ ಬಿಡುವು. 2017ರ ಡಿಸೆಂಬರಿನಿಂದ ಇದನ್ನು ಎಲೆಕ್ಟ್ರಾನಿಕ್ ಯಂತ್ರ ಬರೆದುಕೊಳ್ಳುತ್ತದೆ. ಬಿಡುವಿನ ನಿಯಮ ಒಳ್ಳೆಯದೇ. ನಿದ್ದೆಗಣ್ಣಲ್ಲಿ 80,000 ಪೌಂಡ್ ತೂಕದ ಗಾಡಿ ಓಡಿಸುವವನ ಮುಂದೆ ಯಾರ ಮಕ್ಕಳೂ ಕಾರಿನಲ್ಲಿ ಹೋಗಬಾರದು. ಆದರೆ ಗೋಡೌನಿನವರು ತಿಂದ ಆ ಆರು ಗಂಟೆ ನನ್ನ 14ರಲ್ಲೇ ಹೋಯಿತಲ್ಲ. ಮೊದಲ ಎರಡು ಗಂಟೆ ಕಾದಿದ್ದಕ್ಕೆ ಏನೂ ಇಲ್ಲ ಅನ್ನುವುದು ಈ ಕಸುಬಿನ ವಾಡಿಕೆ.

ಓವರ್‌ಟೈಮ್ ಇಲ್ಲವಾ ಅಂತ ಊರಿನವರು ಕೇಳುತ್ತಾರೆ. ಅಮೆರಿಕದಲ್ಲಿ ವಾರಕ್ಕೆ 40 ಗಂಟೆ ಮೀರಿದರೆ ಒಂದೂವರೆ ಪಟ್ಟು ಕೂಲಿ ಕೊಡಬೇಕು ಅನ್ನುವ ಕಾನೂನು 1938ರದು. ರಾಜ್ಯದಿಂದ ರಾಜ್ಯಕ್ಕೆ ಸರಕು ಸಾಗಿಸುವ ದೊಡ್ಡ ಟ್ರಕ್ಕಿನ ಡ್ರೈವರಿಗೆ ಆ ಓವರ್‌ಟೈಮ್ ಅನ್ವಯಿಸುವುದಿಲ್ಲ. ಅಂದಿನಿಂದ ಇವತ್ತಿನವರೆಗೂ ಇಲ್ಲ. ಕಾದ ಗಂಟೆಗೂ ಕೂಲಿ ಕೊಡಬೇಕಾಗಿ ಬಂದಿದ್ದರೆ ನೂರು ಲೋಡಿಗೆ ನೂರಿಪ್ಪತ್ತು ಜನರನ್ನು ಯಾರು ಕೂರಿಸಿಕೊಳ್ಳುತ್ತಿದ್ದರು?

ಇಷ್ಟೆಲ್ಲ ಇದ್ದರೂ ಡ್ರೈವರುಗಳ ಕೊರತೆ ಇದೆ ಅನ್ನುವ ಮಾತು ನಿಂತಿಲ್ಲ. 2019ರಲ್ಲಿ ಅಮೆರಿಕದ ಸರ್ಕಾರಿ ಕಾರ್ಮಿಕ ಅಂಕಿಅಂಶ ಸಂಸ್ಥೆಯ ಪತ್ರಿಕೆಯಲ್ಲೇ ಒಂದು ಅಧ್ಯಯನ ಬಂತು. ಈ ಕೆಲಸದ ಮಾರುಕಟ್ಟೆ ಬೇರೆ ಕೆಲಸಗಳ ಹಾಗೆಯೇ ನಡೆಯುತ್ತದೆ, ಕೂಲಿ ಜಾಸ್ತಿ ಮಾಡಿದರೆ ಜನ ಬರುತ್ತಾರೆ ಅಂತ ಅದರ ತಾತ್ಪರ್ಯ. ನಾನು ಕಂಡದ್ದೂ ಅದೇ. ಜನ ಬರುತ್ತಾರೆ, ನಿಲ್ಲುವುದಿಲ್ಲ. ದೂರದ ಲೋಡು ಹೊಡೆಯುವ ದೊಡ್ಡ ಕಂಪನಿಗಳಲ್ಲಿ ವರ್ಷಕ್ಕೆ ನೂರಕ್ಕೆ 90ರ ಆಸುಪಾಸಿನಲ್ಲಿ ಡ್ರೈವರುಗಳು ಬದಲಾಗುತ್ತಾರೆ ಅಂತ ಆ ಉದ್ಯಮದವರೇ ಎಷ್ಟೋ ವರ್ಷ ಲೆಕ್ಕ ಕೊಟ್ಟಿದ್ದಾರೆ. ಎಲ್ಲರೂ ಬಿಟ್ಟು ಓಡುತ್ತಾರೆ ಅಂತಲ್ಲ. ಹಳಬರು ಹಾಗೇ ಇರುತ್ತಾರೆ, ಹೊಸಬರ ಸೀಟಿಗೆ ಒಂದೇ ವರ್ಷದಲ್ಲಿ ಎರಡು ಮೂರು ಜನ ಹತ್ತಿ ಇಳಿಯುತ್ತಾರೆ. ಇಳಿದವರ ಜಾಗಕ್ಕೆ ಜನ ಹುಡುಕಲು, ಡ್ರೈವರುಗಳನ್ನು ಸೇರಿಸಿಕೊಳ್ಳುವ ರಿಕ್ರೂಟರ್ ಮತ್ತೆ ಫೋನು ಹಿಡಿಯುತ್ತಾನೆ. ಅವನ ಕೆಲಸ ತಲೆ ಎಣಿಸುವುದು. ಲೋಡು ಎಣಿಸುವವರು ಬೇರೆ ಕಟ್ಟಡದಲ್ಲಿ ಕೂತಿರುತ್ತಾರೆ.

ಕೋವಿಡ್ ಸಮಯದಲ್ಲಿ ಸರಕು ವಿಪರೀತ ಇತ್ತು. 2022ರಿಂದ ಇಳಿಯಿತು. 2023ರಲ್ಲಿ ಯೆಲ್ಲೋ ಅನ್ನುವ, ನೂರು ವರ್ಷಕ್ಕೆ ಹತ್ತಿರವಾಗಿದ್ದ ಸಾಗಣೆ ಕಂಪನಿ ಮುಳುಗಿ ಸುಮಾರು 30,000 ಜನ ಕೆಲಸ ಕಳೆದುಕೊಂಡರು. ಅಂಥ ದಿನಗಳಲ್ಲೂ ಟ್ರಕ್ ಸ್ಟಾಪಿನ ಬಾಗಿಲ ಹತ್ತಿರ ಜಾಹೀರಾತಿನ ಪುಸ್ತಕಗಳು ರಾಶಿ ಬಿದ್ದಿರುತ್ತಿದ್ದವು: ಡ್ರೈವರುಗಳು ಬೇಕಾಗಿದ್ದಾರೆ, ಸೇರಿದರೆ ಇಷ್ಟು ಸಾವಿರ ಬೋನಸ್.

ಇಲ್ಲಿ ಭಾರತದಿಂದ ಬಂದ ಡ್ರೈವರುಗಳಲ್ಲಿ ಪಂಜಾಬಿನವರೇ ಜಾಸ್ತಿ. ಕನ್ನಡದವರು ಅಪರೂಪ. ಅದಕ್ಕೇ ಯಾರಾದರೂ ಕನ್ನಡದ ಹುಡುಗ ಈ ಕಡೆ ಬರುತ್ತೇನೆ ಅಂದರೆ ನನಗೇ ಫೋನು ಬರುತ್ತದೆ. ಹೋದ ತಿಂಗಳು ಒಬ್ಬ ಮಾಡಿದ್ದ. ಇಲ್ಲೇ ಗೋಡೌನಿನಲ್ಲಿ ಕೆಲಸ ಮಾಡಿಕೊಂಡು ದೊಡ್ಡ ಲೈಸೆನ್ಸ್ ಮಾಡಿಸಿದ್ದಾನೆ. "ಅಣ್ಣಾ, ಐದು ಸಾವಿರ ಡಾಲರ್ ಬೋನಸ್ ಅಂತಾರೆ, ಸೈನ್ ಮಾಡಿಬಿಡ್ಲಾ?" ಅಂದ. ನಾನು ಬೇಡ ಅನ್ನಲಿಲ್ಲ. ಬೋನಸ್ ಒಟ್ಟಿಗೆ ಕೊಡುತ್ತಾರಾ, ತಿಂಗಳು ತಿಂಗಳು ಚೂರು ಚೂರಾಗಿ ಕೊಡುತ್ತಾರಾ, ನಡುವೆ ಬಿಟ್ಟರೆ ವಾಪಸ್ ಕೇಳುತ್ತಾರಾ ಅಂತ ಮೊದಲು ಕೇಳು ಅಂದೆ. ತರಬೇತಿಯ ಖರ್ಚು ನಿನ್ನ ತಲೆ ಮೇಲೆ ಬರೆಯುತ್ತಾರಾ ಅಂತಲೂ ಕೇಳು. ಇವಕ್ಕಿಂತ ಮುಖ್ಯವಾದ್ದು ಒಂದಿದೆ: ಹೋದ ತಿಂಗಳು ನಿಮ್ಮ ಡ್ರೈವರುಗಳು ವಾರಕ್ಕೆ ಸರಾಸರಿ ಎಷ್ಟು ಮೈಲಿ ಓಡಿದರು, ಲೋಡು ಇಲ್ಲದ ವಾರ ಕನಿಷ್ಠ ಎಷ್ಟು ಕೊಡುತ್ತೀರಿ, ಅದನ್ನು ಕಾಗದದ ಮೇಲೆ ಬರೆದುಕೊಡಿ ಅಂತ ಕೇಳು.

ಮೂರು ದಿನ ಬಿಟ್ಟು ಮತ್ತೆ ಫೋನು ಮಾಡಿದ. ಬಾಯಲ್ಲಿ 3,000 ಮೈಲಿ ಅಂದರಂತೆ. ಬರೆದುಕೊಡಿ ಅಂದಾಗ, ಅದು ಆಯಾ ಡ್ರೈವರನ್ನು ಅವಲಂಬಿಸಿರುತ್ತದೆ ಅಂದರಂತೆ. ಅವನು ಇನ್ನೂ ಸೈನ್ ಮಾಡಿಲ್ಲ. ಗಂಟೆ ಲೆಕ್ಕದಲ್ಲಿ ಕೂಲಿ ಕೊಡುವ, ರಾತ್ರಿ ಮನೆಗೆ ಬರಬಹುದಾದ ಲೋಕಲ್ ಕೆಲಸ ಹುಡುಕುತ್ತಿದ್ದಾನೆ. ನಿಮಗೆ ಅಂಥದ್ದು ಗೊತ್ತಿದ್ದರೆ ನಿಲಯಕ್ಕೆ ಒಂದು ಮಾತು ತಿಳಿಸಿ, ನಾನು ಅವನಿಗೆ ಮುಟ್ಟಿಸುತ್ತೇನೆ.

ನನ್ನದು ಈ ವಾರ ಇಲ್ಲಿಯವರೆಗೆ 1,140 ಮೈಲಿ. ನಾಳೆ ಬೆಳಿಗ್ಗೆ 5ಕ್ಕೆ ಟೊಲೀಡೊದಿಂದ ಒಮಾಹಾಗೆ ಲೋಡಿದೆ, 700 ಮೈಲಿಗೆ ಸ್ವಲ್ಪ ಕಮ್ಮಿ. ಅಲ್ಲಿಂದ ಮುಂದಕ್ಕೆ ಇನ್ನೂ ಏನೂ ಹೇಳಿಲ್ಲ. ನಮಸ್ಕಾರ.