ಕತೆಯೊಳಗಿನ ಮಾತುಕತೆ

ಕೇಳುಗರಿಗೆ ನಮಸ್ಕಾರ. ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಗೆ ಕಳಿಸೋಣವೆಂದು ಕತೆ ಬರೆದಿಟ್ಟುಕೊಂಡವರು, ಕಳಿಸಿ ನಿರಾಶರಾದವರು, ಬರೆಯಬೇಕು ಬರೆಯಬೇಕು ಅಂತ ವರ್ಷಗಟ್ಟಲೆ ಅಂದುಕೊಳ್ಳುತ್ತಲೇ ಇರುವವರು, ನಿಮಗೆಲ್ಲ ಈ ಮಾತು. ಕತೆ ಕಟ್ಟುವ ಬಗ್ಗೆ ಹೇಳುವುದು ಬೇಕಾದಷ್ಟಿದೆ. ಇವತ್ತು ನಾನು ಹೇಳುವುದು ಒಂದೇ ಒಂದು. ಪಾತ್ರ ತನ್ನ ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳಬಾರದು. ಸುದ್ದಿ ಹೇಳಲಿ, ಸುಳ್ಳು ಹೇಳಲಿ, ಲೆಕ್ಕ ಕೇಳಲಿ, ಮಳೆಯ ವಿಚಾರ ಎತ್ತಲಿ. ಮನಸ್ಸಿನ ಮಾತು ಮಾತ್ರ ಬೇಡ.

ಅಣ್ಣತಮ್ಮಂದಿರಿದ್ದಾರೆ ಅಂದುಕೊಳ್ಳಿ. ತಂದೆ ಹೋಗಿ ವರ್ಷವಾಗಿದೆ, ತಮ್ಮನಿಗೆ ಪಾಲು ಬೇಕು. ಹೊಸಬರು ಹೀಗೆ ಬರೆಯುತ್ತಾರೆ: "ಅಣ್ಣಾ, ನನಗೆ ನನ್ನ ಪಾಲು ಬೇಕು. ಚಿಕ್ಕಂದಿನಿಂದಲೂ ನೀನು ನನ್ನನ್ನು ಕಡೆಗಣಿಸಿದ್ದೀಯೆ. ನನ್ನ ಮನಸ್ಸು ಎಷ್ಟು ನೊಂದಿದೆ ಗೊತ್ತೇ?" ಕತೆ ಇಲ್ಲಿಗೇ ಮುಗಿಯಿತು. ಓದುವವರಿಗೆ ಊಹಿಸಲು ಏನೂ ಉಳಿಯಲಿಲ್ಲ. ಈಗ ಇದನ್ನು ಕೇಳಿ.

"ಅಣ್ಣಾ, ಪೋಡಿಗೆ ಸರ್ವೆಯವರು ಸೋಮವಾರ ಬರ್ತಾರಂತೆ."

"ಅಡಿಕೆ ಸುಲಿಯೋರು ಬರೋದೂ ಸೋಮವಾರವೇ."

"ಮಂಗಳವಾರ ಅಂದ್ರೂ ಆಗುತ್ತೆ."

"ಅವರಿಗೆಲ್ಲ ಊಟಕ್ಕೇನು ಅಂತ ನಿಮ್ಮತ್ತಿಗೇನ ಕೇಳ್ಕೋ."

ಪೋಡಿ ಅಂದರೆ ಜಮೀನು ಅಳೆದು ಭಾಗ ಮಾಡಿಸುವುದು. ಆದರೂ ಪಾಲು ಎಂಬ ಶಬ್ದ ಬಂದಿಲ್ಲ. ನೋವು, ಸಿಟ್ಟು, ಮೋಸ ಯಾವುದೂ ಬಂದಿಲ್ಲ. ಆದರೆ ತಮ್ಮ ಅಣ್ಣನನ್ನು ಕೇಳದೆಯೇ ಅರ್ಜಿ ಕೊಟ್ಟಿದ್ದಾನೆ, ಅಣ್ಣ ಅದನ್ನು ಕೇಳಿಯೂ ಕೇಳದವನ ಹಾಗೆ ದಾಟಿಸುತ್ತಿದ್ದಾನೆ, ಕೊನೆಗೆ ಹೆಂಡತಿಯನ್ನು ಮುಂದೆ ಮಾಡಿ ತಾನು ಜಾರಿಕೊಂಡಿದ್ದಾನೆ. ನಾಲ್ಕು ಸಾಲಿನಲ್ಲಿ ಇಷ್ಟು. ಗಮನಿಸಿ, ಯಾವ ಮಾತಿಗೂ ನೇರ ಉತ್ತರವಿಲ್ಲ. ನಿಮ್ಮ ಕತೆಯಲ್ಲಿ ಹತ್ತು ಪ್ರಶ್ನೆ ಬಂದರೆ ಐದಾರಕ್ಕಾದರೂ ನೇರ ಉತ್ತರ ಬರಕೂಡದು. ಪೆನ್ಸಿಲ್ ಹಿಡಿದು ಎಣಿಸಿ.

ಇದು ಹೊರಗಿನಿಂದ ಬಂದ ಹೊಸ ತಂತ್ರ ಅಂತ ಕೆಲವರು ತಿಳಿದಿದ್ದಾರೆ. ಹಾಗೇನಿಲ್ಲ. ಹದಿನೈದನೇ ಶತಮಾನದಲ್ಲೇ ಗದುಗಿನ ಕುಮಾರವ್ಯಾಸ ಇದನ್ನು ಮಾಡಿ ತೋರಿಸಿದ್ದಾನೆ. ಶಾಲೆಯಲ್ಲಿ ಓದಿರುತ್ತೀರಿ, ತಾಳಮದ್ದಲೆಯಲ್ಲಿ ಕೇಳಿರುತ್ತೀರಿ. ಉದ್ಯೋಗಪರ್ವದ ಕೃಷ್ಣ ಕರ್ಣರ ಭೇಟಿ. ಅಂಕ ಗಳಿಸಲು ಓದಿದ್ದನ್ನು ಈಗ ಕತೆಗಾರರಾಗಿ ಮತ್ತೆ ಓದಿ.

ಸಂಧಾನ ಮುರಿದುಬಿದ್ದಿದೆ. ಕೃಷ್ಣ ಹೊರಟಿದ್ದಾನೆ. ಕರ್ಣನ ಜೊತೆ ಮೈದುನತನದ ಸರಸ ಮಾಡುತ್ತ ಅವನನ್ನು ರಥಕ್ಕೆ ಎಳೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾನೆ. ಇಲ್ಲಿ ಸ್ವಲ್ಪ ನಿಲ್ಲಿ. ಕುಂತಿ ಕೃಷ್ಣನಿಗೆ ಸೋದರತ್ತೆ. ಕುಂತಿಯ ಮಗ ಕೃಷ್ಣನಿಗೆ ಮೈದುನನೇ ಆಗಬೇಕು. ಅಂದರೆ ಗುಟ್ಟು ಬಯಲಾಗುವ ಮೊದಲೇ, ತಮಾಷೆಯ ಸಲಿಗೆಯಲ್ಲಿ ಅದು ಹೊರಬಿದ್ದಾಗಿದೆ. ಕರ್ಣನಿಗೆ ಗೊತ್ತಾಗುವುದಿಲ್ಲ, ಕೇಳುವ ನಮಗೆ ಗೊತ್ತು. ಎಂಥ ಕಸುಬುದಾರಿಕೆ ನೋಡಿ!

ಕರ್ಣ ಏನು ಹೇಳುತ್ತಾನೆ? ನಿಮ್ಮ ಸಮಕ್ಕೆ ಕೂರಲು ಅಂಜುತ್ತೇನೆ ಅನ್ನುತ್ತಾನೆ. ಸೂತಪುತ್ರನೆಂದು ಅನ್ನಿಸಿಕೊಂಡ ಬದುಕಿನ ಕಹಿಯೆಲ್ಲ ಆ ಒಂದು ಅಂಜಿಕೆಯಲ್ಲಿದೆ. ಅವನು ಅದನ್ನು ವಿವರಿಸುವುದಿಲ್ಲ. ಕೃಷ್ಣ ಇನ್ನೂ ಹತ್ತಿರ ಸರಿಯುತ್ತಾನೆ, ತೊಡೆಗೆ ತೊಡೆ ತಾಗುವಷ್ಟು. ಆಮೇಲೆ ಹುಟ್ಟಿನ ಗುಟ್ಟು ಹೇಳುತ್ತಾನೆ. ಅದು ಸುದ್ದಿ, ಹೇಳಬಹುದು. ಹಸ್ತಿನಾಪುರವೇ ನಿನ್ನದು, ಕೌರವರೂ ಪಾಂಡವರೂ ನಿನ್ನನ್ನು ಓಲೈಸುತ್ತಾರೆ, ಅದನ್ನು ಬಿಟ್ಟು ದುರ್ಯೋಧನನ ಬಾಯ ತಂಬುಲಕ್ಕೆ, ಅಂದರೆ ಅವನು ಅಗಿದ ಎಲೆಯಡಿಕೆಗೆ, ಕೈಯೊಡ್ಡುತ್ತೀಯಾ ಅಂತ ಕೇಳುತ್ತಾನೆ. 'ಅವನು ನಿನ್ನನ್ನು ಕೀಳಾಗಿ ಕಾಣುತ್ತಾನೆ' ಅಂತ ಹೇಳಲಿಲ್ಲ. ತಂಬುಲ ಅಂದ, ಒಡ್ಡಿದ ಕೈ ಅಂದ. ಚುಚ್ಚಬೇಕಾದದ್ದು ಚುಚ್ಚಿತು.

ಈಗ ಕರ್ಣನ ಸರದಿ. ನಮ್ಮ ಹೊಸ ಕತೆಗಾರರ ಕೈಗೆ ಸಿಕ್ಕಿದ್ದರೆ, "ಅಯ್ಯೋ ಕೃಷ್ಣಾ, ಇಷ್ಟು ದಿನ ಈ ಸತ್ಯವನ್ನೇಕೆ ಮುಚ್ಚಿಟ್ಟೆ? ನನ್ನ ಹೃದಯ ಛಿದ್ರವಾಯಿತು!" ಅಂತ ಅರ್ಧ ಪುಟ ಅಳುತ್ತಿದ್ದ, ಮೂರು ಆಶ್ಚರ್ಯಸೂಚಕದ ಸಮೇತ. ಕುಮಾರವ್ಯಾಸನ ಕರ್ಣ ಬಾಯಿ ತೆರೆಯುವುದಿಲ್ಲ. ಕೊರಳ ಸೆರೆ ಉಬ್ಬುತ್ತದೆ, ಕಣ್ಣೀರು ನುಗ್ಗುತ್ತದೆ. ಮನಸ್ಸಿನಲ್ಲಿ ಮೊದಲು ಏಳುವ ಮಾತು ತನ್ನದಲ್ಲ, ಕುರುಪತಿಗೆ ಕೇಡಾಯಿತಲ್ಲ ಎಂಬುದು. ವಂಶವನ್ನು ತಿಳಿಸಿಯೇ ಕೃಷ್ಣ ತನ್ನನ್ನು ಕೊಂದ ಅಂತ ಒಳಗೇ ಅಂದುಕೊಳ್ಳುತ್ತಾನೆ. ಹೊರಗೆ ಮೌನ. ಕೃಷ್ಣ ಮತ್ತೆ ಕೆದಕುತ್ತಾನೆ. ಯಾಕೆ ಸುಮ್ಮನಿದ್ದೀಯೆ, ಕುಂತಿಯ ಮಕ್ಕಳಿಂದ ಸೇವೆ ಮಾಡಿಸಿಕೊಳ್ಳುವುದು ನಿನಗೆ ಹಿಡಿಸದೇ, ನುಡಿ ನುಡಿ ಅನ್ನುತ್ತಾನೆ. ಎಲ್ಲ ಬಲ್ಲವನು ಏನೂ ತಿಳಿಯದವನ ಹಾಗೆ ಕೇಳುತ್ತಾನೆ!

ಕೊನೆಗೆ ಕರ್ಣ ಕೊಡುವ ಮಾತು ಏನು? ದೊರೆಯ ಋಣ ತೀರಿಸಲು ಯುದ್ಧದಲ್ಲಿ ದೇಹ ಒಪ್ಪಿಸುತ್ತೇನೆ, ಆದರೆ 'ನಿನ್ನ ವೀರರೈವರನ್ನು' ನೋಯಿಸುವುದಿಲ್ಲ. ನಿನ್ನ ವೀರರು! ನನ್ನ ತಮ್ಮಂದಿರು ಅನ್ನಲಿಲ್ಲ. ತಮ್ಮಂದಿರೆಂದು ಗೊತ್ತಾದ ಮೇಲೂ ಆ ಶಬ್ದ ಅವನ ಬಾಯಿಂದ ಬರಲಿಲ್ಲ. ಅವರನ್ನು ಕೊಲ್ಲುವುದಿಲ್ಲ ಅನ್ನುವುದರಲ್ಲಿ ಅಣ್ಣನಿದ್ದಾನೆ, 'ನಿನ್ನ' ಅನ್ನುವುದರಲ್ಲಿ ದುರ್ಯೋಧನನ ಗೆಳೆಯನಿದ್ದಾನೆ. ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳಬಾರದು ಅಂತ ನಾನು ಇಷ್ಟು ಹೊತ್ತಿನಿಂದ ಹೇಳುತ್ತಿರುವುದು ಇದನ್ನೇ.

ಕುಮಾರವ್ಯಾಸ ಹಿಡಿದರೆ ಬಿಡುವುದಿಲ್ಲ, ಸಮಯವೂ ನಿಲ್ಲುವುದಿಲ್ಲ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಮಾತಿನ ಕೊನೆಗೆ 'ಎಂದ', 'ಎಂದಳು' ಸಾಕು. ಅದು ಓದುವವರ ಕಣ್ಣಿಗೆ ಬೀಳುವುದೇ ಇಲ್ಲ, ಬೀಳಲೂಬಾರದು. ಗುಡುಗಿದ, ಉಸುರಿದಳು, ಅಬ್ಬರಿಸಿದ ಯಾವುದೂ ಬೇಡ. 'ಕೋಪದಿಂದ ಎಂದ' ಅಂತ ಬರೆಯಬೇಕಾಗಿ ಬಂತೇ? ಹಾಗಾದರೆ ಮಾತಿನಲ್ಲಿ ಕೋಪ ಇಲ್ಲ. 'ಕೋಪದಿಂದ' ಅನ್ನುವುದನ್ನು ಹೊಡೆದುಹಾಕಿ, ಮಾತನ್ನು ತಿದ್ದಿ. ಇಬ್ಬರೇ ಮಾತಾಡುತ್ತಿದ್ದರೆ ನಾಲ್ಕು ಸಾಲಿನವರೆಗೆ ಹೆಸರಿಲ್ಲದೆ ನಡೆಯುತ್ತದೆ. ಐದನೆಯದರಲ್ಲಿ ಯಾರದ್ದೆಂದು ಗೊತ್ತಾಗುವ ಗುರುತು ಕೊಡಿ, ಕೈಗೆ ಒಂದು ಕೆಲಸ ಕೊಡಿ. ಮೂವರಿದ್ದರೆ ಪ್ರತಿ ಎರಡು ಸಾಲಿಗೂ ಗುರುತು ಬೇಕು. ಒಂದು ಮಾತು ಹನ್ನೆರಡು ಹದಿನೈದು ಶಬ್ದ ದಾಟಿತೆಂದರೆ ಅದು ಭಾಷಣವಾಗುತ್ತಿದೆ. ಭಾಷಣಕ್ಕೆ ಬಾನುಲಿ ಇದೆ.

ಸುದ್ದಿ ತುರುಕಬೇಡಿ. "ಕಳೆದ ಏಪ್ರಿಲ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡ ನಮ್ಮ ತಂದೆಯವರು" ಅಂತ ತಮ್ಮ ಅಣ್ಣನಿಗೆ ಹೇಳುತ್ತಾನೆಯೇ? ಅವರಿಬ್ಬರೂ ಹೆಣ ಹೊತ್ತವರು. ಓದುವವರಿಗೆ ತಿಳಿಯಬೇಕಾದರೆ ನಿರೂಪಣೆಯಲ್ಲಿ ಒಂದು ವಾಕ್ಯ ಬರೆದು ಮುಗಿಸಿ.

ಏಕವಚನ ಬಹುವಚನ ನಿಮ್ಮ ಕೈಯಲ್ಲಿರುವ ದೊಡ್ಡ ಆಯುಧ. ಇಡೀ ಕತೆಯಲ್ಲಿ ಗಂಡನಿಗೆ 'ಬನ್ನಿ, ಕೂತ್ಕೊಳ್ಳಿ' ಅಂದವಳು ಒಂದೇ ಒಂದು ಸಲ 'ಹೋಗು' ಅಂದರೆ ಸಾಕು, ಬೇರೆ ವಿವರಣೆ ಬೇಡ. ಎರಡನೇ ಸಲ ಮಾಡಿದರೆ ಅದರ ಬಲ ಹೋಗುತ್ತದೆ. ಅಚಾತುರ್ಯದಿಂದ ಬೆರೆಸಿದರಂತೂ ಕೆಟ್ಟಿತು, ಹೆಚ್ಚಿನ ಹಸ್ತಪ್ರತಿಗಳಲ್ಲಿ ಆಗುವುದು ಇದೇ.

ಊರ ಮಾತಿನ ವಿಚಾರ. ಧಾರವಾಡದ ಕಡೆಯ ಪಾತ್ರ ಮೊದಲ ಪುಟದಲ್ಲಿ 'ಎಲ್ಲಿಗೆ ಹೊಂಟಿ' ಅಂದು ಮೂರನೇ ಪುಟದಲ್ಲಿ 'ಎಲ್ಲಿಗೆ ಹೋಗ್ತಾ ಇದ್ದೀಯ' ಅಂತ ಬೆಂಗಳೂರಿಗೆ ಬಂದುಬಿಡುತ್ತದೆ. ಪ್ರತಿ ಶಬ್ದವನ್ನೂ ತಿರುಚಿ ಬರೆಯಬೇಕಿಲ್ಲ. ಕ್ರಿಯಾಪದದ ಕೊನೆ, ಕರೆಯುವ ರೀತಿ, ಹೌದು ಅಲ್ಲ ಅನ್ನುವ ಬಗೆ, ಈ ಮೂರನ್ನು ಸರಿಯಾಗಿ ಹಿಡಿದು ಕೊನೆಯವರೆಗೂ ಬಿಡದಿದ್ದರೆ ಉಳಿದದ್ದನ್ನು ಓದುವವರ ಕಿವಿ ತುಂಬಿಕೊಳ್ಳುತ್ತದೆ. ನಿಮ್ಮ ಕಿವಿಗೆ ಬೀಳದ ಊರಿನ ಮಾತು ಬರೆಯಲೇಬೇಡಿ.

ತಿದ್ದುವ ಕ್ರಮ ಹೀಗೆ. ಬರೆದು ಒಂದು ವಾರ ಮುಚ್ಚಿಡಿ. ಆಮೇಲೆ ಪಾತ್ರಗಳ ಹೆಸರಿನ ಮೇಲೆ ಕಾಗದದ ಪಟ್ಟಿ ಇಟ್ಟು ಓದಿ. ಯಾರ ಮಾತೆಂದು ಗೊತ್ತಾಗದಿದ್ದರೆ ಎರಡು ಪಾತ್ರವಿಲ್ಲ, ಇರುವುದು ನೀವೊಬ್ಬರೇ. ನಂತರ ಮನೆಯಲ್ಲಿ ಬೇರೆಯವರ ಕೈಲಿ ಗಟ್ಟಿಯಾಗಿ ಓದಿಸಿ. ಅವರು ತಡವರಿಸಿದ ಕಡೆ ಗೆರೆ ಎಳೆಯಿರಿ, ವಾದ ಮಾಡಬೇಡಿ. ಮೂರನೆಯದು, ಪ್ರತಿ ಸಂಭಾಷಣೆಯ ಮೊದಲ ಎರಡು ಸಾಲು, ಕೊನೆಯ ಒಂದು ಸಾಲು ಹೊಡೆದು ನೋಡಿ. ಮೊದಲಲ್ಲಿ ಇರುವುದು 'ಬನ್ನಿ, ಕಾಫಿ ತಗೋತೀರಾ', ಕೊನೆಯಲ್ಲಿ ಇರುವುದು ನೀವು ಮುಚ್ಚಿಡಬೇಕಿದ್ದ ಮನಸ್ಸಿನ ಮಾತು. ಹೊಡೆದ ಮೇಲೂ ಅರ್ಥವಾದರೆ ಅದನ್ನು ಮತ್ತೆ ಸೇರಿಸಬೇಡಿ.

ಇವತ್ತು ರಾತ್ರಿಯೇ ಮಾಡಬಹುದಾದ ಅಭ್ಯಾಸ ಒಂದಿದೆ. ಫೋನಿನಲ್ಲಿ ಮಾತಾಡುವ ಒಬ್ಬರ ಮಾತನ್ನಷ್ಟೇ ಹದಿನೈದು ಸಾಲು ಬರೆಯಿರಿ. ಸಾಲ ಕೇಳಬೇಕು, ಆದರೆ ಸಾಲ, ದುಡ್ಡು, ರೂಪಾಯಿ, ಸಹಾಯ, ಕಷ್ಟ ಈ ಐದು ಶಬ್ದ ಬರಬಾರದು. ಆ ತುದಿಯವರು ಕೊಡುವುದಿಲ್ಲ ಅಂದದ್ದು ಈ ತುದಿಯ ಮಾತಿನಿಂದಲೇ ತಿಳಿಯಬೇಕು. ಬರೆದಾದ ಮೇಲೆ ಮನೆಯವರಿಗೆ ಓದಿ, ಇವರು ಫೋನು ಮಾಡಿದ್ದು ಯಾಕೆ ಅಂತ ಕೇಳಿ. ನಮಸ್ಕಾರ.