ಉಸಿರು ಎಣಿಸುವ ಒಂದು ನಿಮಿಷ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವವಳು. ಅದಕ್ಕೂ ಮೊದಲು ಹದಿನಾಲ್ಕು ವರ್ಷ ವಾರ್ಡಿನಲ್ಲಿದ್ದೆ. ಪಿಯುಸಿ ರಿಸಲ್ಟ್ ಬಂತು ಅಂದರೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ಮಕ್ಕಳ ಅಪ್ಪ ಅಮ್ಮ ಕೇಳುತ್ತಾರೆ: 'ಮೇಡಂ, ಇಂಜೆಕ್ಷನ್ ಕೊಡೋಕೆ ನಾಲ್ಕು ವರ್ಷದ ಬಿಎಸ್ಸಿ ಯಾಕೆ? ಮೂರು ವರ್ಷದ ಜಿಎನ್‌ಎಂ ಡಿಪ್ಲೊಮಾ ಸಾಕಲ್ವಾ?' ಕೇಳುವುದರಲ್ಲಿ ತಪ್ಪೇನಿಲ್ಲ, ಫೀಸು ಕಟ್ಟುವವರು ಅವರು. ಇಂಜೆಕ್ಷನ್ ಕೊಡುವುದಕ್ಕಷ್ಟೇ ಆದರೆ ನಾಲ್ಕು ವರ್ಷ ಬೇಡ ಅಂತ ನಾನೇ ಹೇಳುತ್ತೇನೆ. ನಾನೂ ಜಿಎನ್‌ಎಂ ಮುಗಿಸಿ ಕೆಲಸಕ್ಕೆ ಸೇರಿದವಳೇ. ಆಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿದೆ. ಸೂಜಿ ಹಾಕುವ ಕೈ ಅದೇ ಇತ್ತು. ಬದಲಾಗಿದ್ದು ಬೇರೆ.

ಒಂದು ರಾತ್ರಿಯ ವಿಷಯ ಹೇಳುತ್ತೇನೆ. ಸರ್ಜರಿ ವಾರ್ಡ್, ಸುಮಾರು ಎರಡು ಗಂಟೆ. ಆ ವಾರ್ಡಿನ ಚಾರ್ಟ್ ತೆಗೆದು ನೋಡಿದರೆ ಎಲ್ಲ ರೋಗಿಗಳೂ ನಿಮಿಷಕ್ಕೆ 18 ಸಲವೇ ಉಸಿರಾಡುತ್ತಿದ್ದರು! ಒಬ್ಬಿಬ್ಬರಿಗೆ 20. ಇದು ಬಹಳ ಕಡೆ ನಡೆಯುವ ಮಾತು. ಜ್ವರಕ್ಕೆ ಥರ್ಮಾಮೀಟರ್ ಇದೆ, ಬಿಪಿಗೆ ಮೆಷಿನ್ ಇದೆ. ಉಸಿರನ್ನು ಮಾತ್ರ ನಿಂತು ನೋಡಿ ಎಣಿಸಬೇಕು. ಪೂರ್ತಿ ಒಂದು ನಿಮಿಷ. ಕೆಲಸದ ಗಡಿಬಿಡಿಯಲ್ಲಿ ಯಾರಿಗಿದೆ ಆ ನಿಮಿಷ? ಸುಮ್ನೆ 18 ಅಂತ ಬರೆದುಬಿಡುವುದು. ನಾನೂ ಬರೆದಿದ್ದೇನೆ.

ಅವತ್ತು ನಾಲ್ಕನೇ ವರ್ಷದ ಬಿಎಸ್ಸಿ ಹುಡುಗಿ ಒಬ್ಬಳು ಪೋಸ್ಟಿಂಗ್‌ನಲ್ಲಿದ್ದಳು. ಹನ್ನೆರಡನೇ ಬೆಡ್‌ನವರಿಗೆ ಹೊಟ್ಟೆಯ ಆಪರೇಷನ್ ಆಗಿ ಎರಡನೇ ದಿನ. ಜ್ವರವಿಲ್ಲ, ಬಿಪಿ ಸರಿಯಾಗಿದೆ, ಕಣ್ಣು ಮುಚ್ಚಿ ಮಲಗಿದ್ದಾರೆ. ಇವಳು ಎಣಿಸಿದಳು, 30. ನಂಬಿಕೆ ಬರದೆ ಇನ್ನೊಮ್ಮೆ ಎಣಿಸಿದಳು. ಮತ್ತೆ 30. ದೊಡ್ಡವರಿಗೆ ಸುಮ್ಮನೆ ಮಲಗಿರುವಾಗ 12ರಿಂದ 20 ಇದ್ದರೆ ಸರಿ. ಮೈ ಒಳಗೆ ಏನೋ ಕೆಡುತ್ತಿದ್ದರೆ ಎಷ್ಟೋ ಸಲ ಬಿಪಿ ಬೀಳುವ ಮೊದಲೇ ಉಸಿರು ಏರುತ್ತದೆ. ಅದು ಅವಳಿಗೆ ಗೊತ್ತಿತ್ತು. ನನ್ನ ಹತ್ತಿರ ಓಡಿ ಬಂದಳು. 'ಡಾಕ್ಟರಿಗೆ ನೀನೇ ಫೋನ್ ಮಾಡು, ನಾನು ಪಕ್ಕದಲ್ಲಿರ್ತೀನಿ' ಅಂದೆ.

'ಸರ್, ಪೇಷೆಂಟ್ ಯಾಕೋ ಸರಿ ಇಲ್ಲ ಸರ್' ಅಂದಳು. ಆ ಕಡೆಯಿಂದ ನಿದ್ದೆಗಣ್ಣಿನ ಉತ್ತರ: 'ಬೆಳಿಗ್ಗೆ ನೋಡೋಣಮ್ಮ.' ಫೋನ್ ಕಟ್.

ಹುಡುಗಿಯ ಮುಖ ಕೆಂಪಾಯಿತು. ಎರಡು ನಿಮಿಷ ಚಾರ್ಟ್ ನೋಡಿದಳು, ಯೂರಿನ್ ಬ್ಯಾಗ್ ಬಗ್ಗಿ ನೋಡಿದಳು. ಮತ್ತೆ ಫೋನ್ ಎತ್ತಿದಳು. 'ಸರ್, ಹನ್ನೆರಡನೇ ಬೆಡ್. ಹೊಟ್ಟೆ ಆಪರೇಷನ್ ಆಗಿ ಎರಡನೇ ದಿನ. ಉಸಿರು 30, ಪಲ್ಸ್ 116. ಬಿಪಿ ಇನ್ನೂ ಬಿದ್ದಿಲ್ಲ. ಕಳೆದ ಎರಡು ಗಂಟೆಗಳಿಂದ ಯೂರಿನ್ ಇಳಿದಿಲ್ಲ. ಒಳಗೆ ಇನ್‌ಫೆಕ್ಷನ್ ಆಗಿದೆಯೇನೋ ಅಂತ ನನಗೆ ಅನುಮಾನ. ನೀವು ಈಗಲೇ ಬಂದು ನೋಡಬೇಕು ಸರ್.'

ಡಾಕ್ಟರು ಶರ್ಟಿನ ಗುಂಡಿ ಹಾಕಿಕೊಳ್ಳುತ್ತಲೇ ಬಂದರು. ರೋಗಿ ಐಸಿಯುಗೆ ಹೋದರು. ಕೆಲವು ದಿನದ ಮೇಲೆ ನಡೆದುಕೊಂಡೇ ಮನೆಗೂ ಹೋದರು.

ಏನಾಗಿದೆ, ಹಿಂದೆ ಏನಾಗಿತ್ತು, ನನಗೆ ಏನನ್ನಿಸುತ್ತದೆ, ನೀವೇನು ಮಾಡಬೇಕು. ಹೀಗೆ ಅಡಕವಾಗಿ ಹೇಳುವ ಕ್ರಮಕ್ಕೆ ಎಸ್‌ಬಾರ್ ಅನ್ನುತ್ತಾರೆ. ಇದು ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ಅಮೆರಿಕದ ನೌಕಾಪಡೆಯ ಅಣು ಜಲಾಂತರ್ಗಾಮಿಗಳಲ್ಲಿ. ಕ್ರಮ ಕಲಿಯುವುದಕ್ಕೆ ಅರ್ಧ ಗಂಟೆ ಸಾಕು. 'ನನಗೆ ಏನನ್ನಿಸುತ್ತದೆ' ಅನ್ನುವ ಮೂರನೇ ಮಾತಿದೆಯಲ್ಲ, ಅದಕ್ಕೇ ವರ್ಷಗಳು ಬೇಕು. ಅನಾಟಮಿ, ಫಾರ್ಮಕಾಲಜಿ, ಪೆಥಾಲಜಿ ಎಲ್ಲ ತಲೆಯಲ್ಲಿ ಕೂತಿದ್ದರೆ ಮಾತ್ರ ಅದು ಬಾಯಿಗೆ ಬರುತ್ತದೆ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಇಂಥದ್ದೇ ಒಂದು ರಾತ್ರಿ, ಇಂಥದ್ದೇ ಉಸಿರು ನೋಡಿದ್ದೆ. ಏನೋ ಸರಿ ಇಲ್ಲ ಅಂತ ಗೊತ್ತಾಗಿತ್ತು. ಏನು ಅಂತ ಹೇಳಲು ಬರಲಿಲ್ಲ. ಬೈಸಿಕೊಳ್ಳಬೇಕಾಗುತ್ತದೆ ಅಂತ ಫೋನ್ ಮಾಡಲಿಲ್ಲ. ಬೆಳಿಗ್ಗೆ ರೌಂಡ್ಸ್ ಹೊತ್ತಿಗೆ ಆ ಬೆಡ್ ಖಾಲಿಯಾಗಿತ್ತು.

ಜಿಎನ್‌ಎಂ ಮಾಡಿದವರೆಲ್ಲ ಹಾಗೆ ಅಂತಲ್ಲ. ನನಗೆ ಕೆಲಸ ಕಲಿಸಿದ ಸಿಸ್ಟರ್‌ಗಳೆಲ್ಲ ಜಿಎನ್‌ಎಂನವರೇ. ಆದರೆ 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಯುರೋಪಿನ 9 ದೇಶ, 300 ಆಸ್ಪತ್ರೆ, ಆಪರೇಷನ್ ಆದ ನಾಲ್ಕು ಲಕ್ಷಕ್ಕೂ ಜಾಸ್ತಿ ರೋಗಿಗಳ ಲೆಕ್ಕ. ಪದವಿ ಓದಿದ ನರ್ಸ್‌ಗಳ ಪಾಲು ನೂರಕ್ಕೆ ಹತ್ತು ಹೆಚ್ಚಾದ ಕಡೆ, 30 ದಿನದೊಳಗೆ ಸಾಯುವ ಸಂಭವ ನೂರಕ್ಕೆ ಏಳು ಕಡಿಮೆ ಕಂಡಿತು. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತೂ ಇದೆ. ಒಬ್ಬ ನರ್ಸ್ ಮೇಲೆ ಒಬ್ಬ ರೋಗಿಯ ಹೊರೆ ಹೆಚ್ಚಾದರೆ ಆ ಸಂಭವ ನೂರಕ್ಕೆ ಏಳು ಜಾಸ್ತಿ. ಡಿಗ್ರಿ ಕೊಟ್ಟು ಒಬ್ಬಳ ತಲೆಗೇ ನಲವತ್ತು ಬೆಡ್ ಕಟ್ಟಿದರೆ ಉಸಿರು ಎಣಿಸುವವರು ಯಾರು?

ನಮ್ಮ ದೇಶದಲ್ಲಿ ನರ್ಸಿಂಗ್ ಪದವಿ ಶುರುವಾಗಿದ್ದು 1946ರಲ್ಲಿ, ದೆಹಲಿಯಲ್ಲಿ ಮತ್ತು ವೆಲ್ಲೂರಿನಲ್ಲಿ. ಈಗ ಎಂಟು ಸೆಮಿಸ್ಟರ್. ರಿಸರ್ಚ್ ಇದೆ, ಮ್ಯಾನೇಜ್‌ಮೆಂಟ್ ಮತ್ತು ಲೀಡರ್‌ಶಿಪ್ ಅಂತಲೇ ಒಂದು ವಿಷಯವಿದೆ. ಲೀಡರ್‌ಶಿಪ್ ಅಂದರೆ ಮಕ್ಕಳು ಮೇಟ್ರನ್ ಕುರ್ಚಿ ಅಂದುಕೊಳ್ಳುತ್ತಾರೆ. ನಾನು ಅವರಿಗೆ ಮೊದಲು ಡ್ಯೂಟಿ ಲಿಸ್ಟ್ ಹಾಕಲು ಹೇಳುತ್ತೇನೆ. ಹಬ್ಬದ ವಾರದ್ದು. ಎಲ್ಲರಿಗೂ ರಜೆ ಬೇಕು, ಯಾರಿಗೂ ನೈಟ್ ಬೇಡ. ಹತ್ತು ನಿಮಿಷದಲ್ಲಿ ಕ್ಲಾಸಿನಲ್ಲಿ ಜಗಳ!

ನಿಜವಾದ ಪರೀಕ್ಷೆ ಹಳ್ಳಿಯಲ್ಲಿದೆ. 2018ರಲ್ಲಿ ಆಯುಷ್ಮಾನ್ ಭಾರತ್ ಬಂದ ಮೇಲೆ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿ ಬಂದರು. ನಮ್ಮಲ್ಲಿ ಜನ ಸಿಎಚ್‌ಒ ಮೇಡಂ ಅನ್ನುತ್ತಾರೆ. ಅವರಲ್ಲಿ ಹೆಚ್ಚಿನವರು ಬಿಎಸ್ಸಿ ನರ್ಸ್‌ಗಳು. ಅಲ್ಲಿ ಡಾಕ್ಟರ್ ಇರುವುದಿಲ್ಲ. ಇಪ್ಪತ್ಮೂರರ ಹುಡುಗಿ, ಅವಳ ಜೊತೆಗೆ ಇಪ್ಪತ್ತೈದು ವರ್ಷ ಹೆರಿಗೆ ಮಾಡಿಸಿದ ಆರೋಗ್ಯ ಕಾರ್ಯಕರ್ತೆ, ಪಿಎಚ್‌ಸಿಒ ಅಕ್ಕ. ಯಾರು ಯಾರಿಗೆ ಹೇಳಬೇಕು?

ನನ್ನ ವಿದ್ಯಾರ್ಥಿನಿ ಒಬ್ಬಳು ಇದೇ ಕಷ್ಟಕ್ಕೆ ಸಿಕ್ಕಿ ಅತ್ತಿದ್ದಳು. 'ಒಂದು ತಿಂಗಳು ಏನೂ ಹೇಳಬೇಡ, ಅಕ್ಕನ ಹಿಂದೆ ಮನೆಮನೆ ಸುತ್ತು' ಅಂದೆ. ಸುತ್ತಿದಳು. ಆಮೇಲೆ ಇಬ್ಬರೂ ಕೂತು ಬಿಪಿ ರಿಜಿಸ್ಟರ್ ತೆಗೆದು, ಮಾತ್ರೆ ನಿಲ್ಲಿಸಿದವರಿಗೆಲ್ಲ ಪೆನ್ಸಿಲ್ ಗುರುತು ಹಾಕಿದರು. ಎಲ್ಲ ಕೂಲಿಗೆ ಹೋಗುವವರು. ಕೇಂದ್ರ ಬಾಗಿಲು ತೆಗೆಯುವ ಹೊತ್ತಿಗೆ ಅವರು ಹೊಲದಲ್ಲಿರುತ್ತಾರೆ. ಅಕ್ಕನೇ ದಾರಿ ಹೇಳಿದ್ದು: 'ಸಂಜೆ ಹಾಲಿನ ಡೈರಿಗೆ ಎಲ್ರೂ ಬರ್ತಾರಲ್ಲ ಮೇಡಂ.' ಗುರುವಾರ ಸಂಜೆ ಡೈರಿ ಜಗಲಿಯ ಮೇಲೆ ಬಿಪಿ ಮೆಷಿನ್ ಇಟ್ಟುಕೊಂಡು ಇಬ್ಬರೂ ಕೂರತೊಡಗಿದರು. ಕ್ಯಾನು ಹಿಡಿದು ಬಂದವರು ತೋಳೂ ಚಾಚಿದರು. ರಿಸರ್ಚ್ ಅಂದರೂ ಇದೇ. ಆ ವಿಷಯದ ಪರೀಕ್ಷೆಯಲ್ಲಿ ಅವಳು ಕಷ್ಟಪಟ್ಟು ಪಾಸಾಗಿದ್ದಳು ಅಂತ ಇಲ್ಲಿ ಹೇಳಿದರೆ ಬೇಜಾರು ಮಾಡಿಕೊಳ್ಳಲಾರಳು.

ಎಲ್ಲ ಕಾಲೇಜೂ ಹೀಗೆ ಕಲಿಸುವುದಿಲ್ಲ, ಅದನ್ನೂ ಹೇಳಬೇಕು. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಇಂಟರ್ನ್‌ಶಿಪ್ ಅಂದರೆ ಸ್ಟಾಫ್ ಇಲ್ಲದ ಶಿಫ್ಟಿಗೆ ಮಕ್ಕಳನ್ನು ತುಂಬುವುದು. ಪಕ್ಕದಲ್ಲಿ ನಿಂತು ಕಲಿಸುವವರೇ ಇರಲಿಲ್ಲ. ಅಪ್ಪ ಅಮ್ಮ ಕಟ್ಟಡ, ಹಾಸ್ಟೆಲ್ ನೋಡಿ ಬರುತ್ತಾರೆ. ಆಸ್ಪತ್ರೆ ಯಾವುದು, ಬೆಡ್‌ಗಳಲ್ಲಿ ರೋಗಿಗಳು ಇದ್ದಾರಾ, ರಾತ್ರಿ ಪಾಳಿಯಲ್ಲಿ ಮಕ್ಕಳ ಜೊತೆ ಯಾರಿರುತ್ತಾರೆ ಅಂತ ಕೇಳಿ.

ಇನ್ನೊಂದು. ಆಸ್ಪತ್ರೆಯಲ್ಲಿ ಸಿಸ್ಟರ್ ನಿಮ್ಮ ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತಾ ತುಂಬಾ ಹೊತ್ತು ನಿಂತರೆ, ಅವರು ನಾಡಿ ಮಾತ್ರ ನೋಡುತ್ತಿಲ್ಲ. ಉಸಿರು ಎಣಿಸುತ್ತಿರುತ್ತಾರೆ. ಎಣಿಸುತ್ತಿದ್ದಾರೆ ಅಂತ ಗೊತ್ತಾದರೆ ನಮ್ಮ ಉಸಿರಾಟವೇ ಬದಲಾಗುತ್ತದೆ, ಅದಕ್ಕೇ ಈ ನಾಟಕ. ಈಗ ನಿಮಗೂ ಗೊತ್ತಾಯಿತು. ಗೊತ್ತಿಲ್ಲದವರ ಹಾಗೆ ಕಿಟಕಿ ಕಡೆ ನೋಡುತ್ತಾ ಮಲಗಿರಿ. ಒಂದು ನಿಮಿಷ ಮಾತಾಡಿಸಬೇಡಿ.

ನಮಸ್ಕಾರ.